ಹವಾಮಾನ ಎಚ್ಚರಿಕೆ ಬಂದಾಗ: ಓದುವುದು ಹೇಗೆ, ಮಾಡುವುದು ಏನು

ಫೋನಿಗೆ ಒಂದು ಎಚ್ಚರಿಕೆ ಬರುತ್ತದೆ. ಕಿತ್ತಳೆ ಬಣ್ಣ, ಭಾರಿ ಮಳೆ, ಜೋರು ಗಾಳಿ. ಆಗ ನಾವು ಮಾಡುವ ಮೊದಲ ಕೆಲಸ ಏನು ಹೇಳಿ? ಎದ್ದು ಹೋಗಿ ಕಿಟಕಿಯಿಂದ ಆಕಾಶ ನೋಡುವುದು. ಬಿಸಿಲು ಚೆನ್ನಾಗಿಯೇ ಇರುತ್ತದೆ. ಏನೂ ಇಲ್ಲವಲ್ಲ ಅಂದುಕೊಂಡು ಫೋನ್ ಕೆಳಗಿಡುತ್ತೇವೆ.

ಆದರೆ ಎಚ್ಚರಿಕೆ ಕೊಡುವುದೇ ಆಕಾಶ ತಿಳಿಯಾಗಿರುವಾಗ, ಅಲ್ವಾ? ಮೋಡ ತಲೆ ಮೇಲೆ ಬಂದ ಮೇಲೆ ಹೇಳಿದರೆ ಸಿದ್ಧವಾಗಲು ಹೊತ್ತೆಲ್ಲಿ? 2011ರ ಮೇ 22ರಂದು ಅಮೆರಿಕದ ಜಾಪ್ಲಿನ್ ಊರಿಗೆ ಸುಂಟರಗಾಳಿ ಬಡಿದು 150ಕ್ಕೂ ಹೆಚ್ಚು ಜನ ಸತ್ತರು. ಅಲ್ಲಿ ಮೊದಲೇ ಸೈರನ್ ಕೂಗಿತ್ತು. ಆಮೇಲೆ ನಡೆದ ತನಿಖೆಯಲ್ಲಿ ಒಂದು ವಿಷಯ ಗೊತ್ತಾಯಿತು. ಹೆಚ್ಚಿನವರು ಮೊದಲ ಸೈರನ್ನಿಗೇ ಎದ್ದು ಓಡಿರಲಿಲ್ಲ. ಟಿವಿ ಹಾಕಿದರು, ಹೊರಗೆ ಬಂದು ನೋಡಿದರು, ಇನ್ನೊಬ್ಬರನ್ನು ಕೇಳಿದರು. ಇದು ದಡ್ಡತನವಲ್ಲ, ಮನುಷ್ಯ ಸ್ವಭಾವ. ಕೇಳಿದ್ದನ್ನು ಖಾತ್ರಿ ಮಾಡಿಕೊಳ್ಳದೆ ನಮ್ಮ ಕಾಲು ಏಳುವುದಿಲ್ಲ.

ಹಾಗಾಗಿ ನಾನು ಒತ್ತಿ ಹೇಳುವುದು ಒಂದನ್ನೇ. ಯಾವ ಎಚ್ಚರಿಕೆಗೆ ಏನು ಮಾಡಬೇಕು ಅನ್ನುವುದನ್ನು ಬಿಸಿಲಿರುವ ದಿನವೇ ತೀರ್ಮಾನಿಸಿಡಿ. ಎಚ್ಚರಿಕೆ ಬರುವ ಹೊತ್ತಿಗೆ ಯೋಚನೆಯೆಲ್ಲ ಮುಗಿದಿರಬೇಕು. ಆಮೇಲೆ ಉಳಿಯುವುದು ಕೆಲಸ ಮಾತ್ರ.

ಹೆಜ್ಜೆ 1: ಎಚ್ಚರಿಕೆ ಬರುವ ದಾರಿ ಸರಿ ಮಾಡಿಕೊಳ್ಳಿ

ಹೆಚ್ಚುಕಡಿಮೆ ಎಲ್ಲ ದೇಶಗಳಲ್ಲೂ ಹವಾಮಾನದ ಎಚ್ಚರಿಕೆ ಹೊರಡಿಸುವ ಅಧಿಕಾರ ಒಂದು ಸರ್ಕಾರಿ ಸಂಸ್ಥೆಗೆ ಇರುತ್ತದೆ. ಭಾರತದಲ್ಲಿ ಹವಾಮಾನ ಇಲಾಖೆ, ಬ್ರಿಟನ್ನಿನಲ್ಲಿ ಮೆಟ್ ಆಫೀಸ್, ಅಮೆರಿಕದಲ್ಲಿ ನ್ಯಾಷನಲ್ ವೆದರ್ ಸರ್ವೀಸ್. ಮನೆ ಬಿಟ್ಟು ಹೊರಡಿ ಅನ್ನುವ ಆದೇಶ ಬರುವುದು ಸ್ಥಳೀಯ ಆಡಳಿತದಿಂದ. ಈ ಇಬ್ಬರ ಅಧಿಕೃತ ಪುಟ ಅಥವಾ ಆ್ಯಪ್ ನಿಮ್ಮ ಫೋನಿನಲ್ಲಿ ಇರಲಿ. ಭಾರತದಲ್ಲಿ ಇರುವವರಿಗೆ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ‘ಸಚೇತ್’ ಇದೆ, ಸಿಡಿಲಿಗೆ ಅಂತಲೇ ‘ದಾಮಿನಿ’ ಇದೆ.

ಆದರೆ ಒಂದೇ ದಾರಿ ಸಾಲದು. ಜೋರು ಗಾಳಿಗೆ ಮೊದಲು ಹೋಗುವುದು ಕರೆಂಟು. ಸ್ವಲ್ಪ ಹೊತ್ತಿಗೆ ಮೊಬೈಲ್ ಟವರೂ ಬಾಯಿ ಮುಚ್ಚುತ್ತದೆ. ಆಗ ಕೈಹಿಡಿಯುವುದು ಬ್ಯಾಟರಿ ರೇಡಿಯೋ. ಹಳೆಯ ಕಾಲದ್ದು ಅನ್ನಿಸಬಹುದು, ಆದರೂ ಒಂದು ಇಟ್ಟುಕೊಳ್ಳಿ.

ಫೋನಿನ ತುರ್ತು ಎಚ್ಚರಿಕೆಯ ಸೆಟ್ಟಿಂಗ್ ಆನ್ ಇದೆಯಾ ಅಂತ ಈಗಲೇ ನೋಡಿ. ಒಂದು ಸಲ ಕಿರುಚಿತು ಅಂತ ಎಷ್ಟೋ ಜನ ಆಫ್ ಮಾಡಿಬಿಟ್ಟಿರುತ್ತಾರೆ. ಹಾಗಂತ ಅದೊಂದನ್ನೇ ನಂಬಿ ಕೂರಲೂ ಬಾರದು. ಸ್ಪೇನಿನ ವೇಲೆನ್ಸಿಯಾದಲ್ಲಿ 2024ರ ಅಕ್ಟೋಬರ್ 29ರಂದು ಹವಾಮಾನ ಸಂಸ್ಥೆ ಕೆಂಪು ಎಚ್ಚರಿಕೆ ಕೊಟ್ಟದ್ದು ಬೆಳಿಗ್ಗೆ ಎಂಟಕ್ಕೂ ಮೊದಲು. ಜನರ ಫೋನುಗಳು ಒಟ್ಟಿಗೆ ಕೂಗಿದ್ದು ರಾತ್ರಿ ಎಂಟು ದಾಟಿದ ಮೇಲೆ. ಅಷ್ಟರಲ್ಲಿ ಎಷ್ಟೋ ಬೀದಿಗಳು ಹೊಳೆಯಾಗಿದ್ದವು. 220ಕ್ಕೂ ಹೆಚ್ಚು ಜನ ಸತ್ತರು. ಬೆಳಗಿನ ಎಚ್ಚರಿಕೆಯನ್ನು ತಾವಾಗಿಯೇ ಓದಿದವರ ಕೈಯಲ್ಲಿ ಹಲವು ಗಂಟೆ ಇತ್ತು. ಮಳೆಗಾಲದಲ್ಲಿ ದಿನಕ್ಕೆ ಎರಡು ಸಲ, ಬೆಳಿಗ್ಗೆ ಒಮ್ಮೆ ಮತ್ತು ಮಲಗುವ ಮುಂಚೆ ಒಮ್ಮೆ, ಅಧಿಕೃತ ಪುಟ ತೆರೆದು ನೋಡಿ. ಎರಡು ನಿಮಿಷದ ಕೆಲಸ.

ವಾಟ್ಸ್‌ಆ್ಯಪ್‌ನಲ್ಲಿ ಬಂದ ಸಂದೇಶಕ್ಕೆ ಮೂರು ಪ್ರಶ್ನೆ ಕೇಳಿ. ಹೊರಡಿಸಿದ್ದು ಯಾರು? ಎಷ್ಟು ಗಂಟೆಗೆ? ಎಲ್ಲಿಯ ತನಕ ಅನ್ವಯ? ಮೂರರಲ್ಲಿ ಒಂದು ಇಲ್ಲದಿದ್ದರೂ ಮುಂದಕ್ಕೆ ಕಳಿಸಬೇಡಿ. ಹೋದ ವರ್ಷದ ಕೆಂಪು ಎಚ್ಚರಿಕೆಯ ಚಿತ್ರ ಈ ವರ್ಷ ಮತ್ತೆ ಓಡಾಡುವುದು ಸಾಮಾನ್ಯ.

ಹೆಜ್ಜೆ 2: ಸಾಲು ಸಾಲಾಗಿ ಓದಿ

ಉದಾಹರಣೆಗೆ ಒಂದು ಎಚ್ಚರಿಕೆ ಹೀಗಿದೆ ಅಂದುಕೊಳ್ಳಿ:

“ಕಿತ್ತಳೆ ಎಚ್ಚರಿಕೆ. ಜಿಲ್ಲೆಯ ಒಂದೆರಡು ಕಡೆ ಭಾರಿಯಿಂದ ಅತಿ ಭಾರಿ ಮಳೆಯಾಗುವ ಸಾಧ್ಯತೆ. ಗಂಟೆಗೆ 40–50 ಕಿಲೋಮೀಟರ್ ವೇಗದ ಗಾಳಿ. ತಗ್ಗು ಪ್ರದೇಶಗಳಲ್ಲಿ ನೀರು ನಿಲ್ಲಬಹುದು. ಹೊರಡಿಸಿದ್ದು ಮಧ್ಯಾಹ್ನ 1 ಗಂಟೆಗೆ. ನಾಳೆ ಬೆಳಿಗ್ಗೆ 8.30ರ ತನಕ ಅನ್ವಯ.”

ಹೆಚ್ಚಿನವರು ‘ಕಿತ್ತಳೆ’ ಅನ್ನುವ ಪದಕ್ಕೇ ನಿಂತುಬಿಡುತ್ತಾರೆ. ನೀವು ಕೊನೆಯಿಂದ ಓದಿ. ಮೊದಲು ನೋಡಬೇಕಾದ್ದು ಸಮಯ. ಭಾರತದ ಹವಾಮಾನ ಇಲಾಖೆಯ ಮಳೆ ಲೆಕ್ಕದಲ್ಲಿ ಒಂದು ದಿನ ಅಂದರೆ ಬೆಳಿಗ್ಗೆ 8.30ರಿಂದ ಮರುದಿನ ಬೆಳಿಗ್ಗೆ 8.30. ಹಾಗಾಗಿ ‘ಇವತ್ತಿನ’ ಎಚ್ಚರಿಕೆ ರಾತ್ರಿ ಹನ್ನೆರಡಕ್ಕೆ ಮುಗಿಯುವುದಿಲ್ಲ, ಬೆಳಗಿನ ಜಾವವೂ ಅದರೊಳಗೇ ಸೇರಿದೆ. ಕೆಲವು ಪ್ರಕಟಣೆಗಳಲ್ಲಿ ಸಮಯ ಯುಟಿಸಿ, ಅಂದರೆ ಇಡೀ ಜಗತ್ತಿಗೆ ಒಂದೇ ಆದ ಗಡಿಯಾರದ ಲೆಕ್ಕದಲ್ಲಿ ಇರುತ್ತದೆ. ಅದಕ್ಕೆ ಐದೂವರೆ ಗಂಟೆ ಸೇರಿಸಿದರೆ ಭಾರತದ ಸಮಯ. ಚಂಡಮಾರುತದ ವಿಷಯದಲ್ಲಿ ಈ ಐದೂವರೆ ಗಂಟೆ ತಪ್ಪಿದರೆ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ.

ಆಮೇಲೆ ‘ಒಂದೆರಡು ಕಡೆ’. ಇದನ್ನು ಓದಿ ‘ನಮ್ಮ ಕಡೆ ಇರಲಿಕ್ಕಿಲ್ಲ’ ಅಂದುಕೊಳ್ಳುವುದು ಸುಲಭ. ಇಲಾಖೆ ಹೇಳುತ್ತಿರುವುದು ಬೇರೆ. ಜಿಲ್ಲೆಯಲ್ಲಿ ಎಲ್ಲೋ ಕೆಲವು ಕಡೆ ಜೋರಾಗಿ ಸುರಿಯುತ್ತದೆ, ಅದು ಯಾವ ಊರು ಅಂತ ಈಗಲೇ ಬೆರಳಿಟ್ಟು ತೋರಿಸಲು ಆಗದು. ಮಳೆ ಪಕ್ಕದ ಊರಿನಲ್ಲಿ ಬಿದ್ದು ನಿಮ್ಮಲ್ಲಿ ಬಿಸಿಲಿದ್ದರೆ ಎಚ್ಚರಿಕೆ ಸುಳ್ಳಾಯಿತು ಅಂತಲ್ಲ.

‘ಭಾರಿ’, ‘ಅತಿ ಭಾರಿ’ ಸುಮ್ನೆ ಬಳಸುವ ಪದಗಳಲ್ಲ. ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಯಲ್ಲಿ 64.5ರಿಂದ 115.5 ಮಿಲಿಮೀಟರ್ ಭಾರಿ ಮಳೆ. 115.6ರಿಂದ 204.4ರ ತನಕ ಅತಿ ಭಾರಿ. ಅದಕ್ಕೂ ಮೇಲೆ ಇನ್ನೊಂದು ಹಂತವಿದೆ. ಮಿಲಿಮೀಟರ್ ಅಂದರೆ ಕಣ್ಣಿಗೆ ಕಟ್ಟುವುದಿಲ್ಲ ಅಲ್ವಾ? ಹೀಗೆ ನೋಡಿ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಲೀಟರ್ ನೀರು. ನೂರು ಚದರ ಮೀಟರಿನ ತಾರಸಿಯ ಮೇಲೆ 115 ಮಿಲಿಮೀಟರ್ ಬಿದ್ದರೆ 11,500 ಲೀಟರ್. ಒಂದು ದೊಡ್ಡ ಟ್ಯಾಂಕರ್ ನೀರು ಒಂದೇ ಮನೆಯ ಮೇಲಿಂದ ಇಳಿಯುತ್ತದೆ. ಬೀದಿಯ ಎಲ್ಲ ಮನೆಗಳ ನೀರು ಯಾವ ಮೋರಿಗೆ ಹೋಗುತ್ತದೆ, ಅದರಲ್ಲಿ ಕಸ ತುಂಬಿದೆಯಾ ಅಂತ ಯೋಚಿಸಿ. ಇಷ್ಟೇ ಮಳೆ ಇಡೀ ದಿನ ಬಿದ್ದರೆ ಒಂದು ಥರ, ಎರಡು ಗಂಟೆಯಲ್ಲಿ ಸುರಿದರೆ ಅದರ ಕಥೆಯೇ ಬೇರೆ.

ಗಾಳಿಯ ಅಂಕಿಯೂ ಮೋಸ ಮಾಡುತ್ತದೆ. ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟಾಗುತ್ತದೆ. 50 ಕಿಲೋಮೀಟರ್ ಗಾಳಿಗೆ ಅಲುಗಾಡಿದ ತಗಡಿನ ಶೀಟು 100ಕ್ಕೆ ಹಾರಿ ಹೋಗುವುದು ಅದಕ್ಕೇ. ಬರೀ ಸರಾಸರಿ ವೇಗ ನೋಡಬೇಡಿ. ‘ಬೀಸುಗಾಳಿ’, ಅಂದರೆ ನಡುನಡುವೆ ಒಮ್ಮೆಲೇ ಜೋರಾಗುವ ಗಾಳಿ, ಇಷ್ಟರ ತನಕ ಹೋಗಬಹುದು ಅಂತ ಬರೆದಿದ್ದರೆ ಆ ದೊಡ್ಡ ಅಂಕಿಯನ್ನೇ ಲೆಕ್ಕಕ್ಕೆ ಹಿಡಿಯಿರಿ. ಮರ ಉರುಳಿಸುವುದು ಅದೇ.

ಈಗ ಬಣ್ಣ. ಭಾರತದಲ್ಲಿ ಹಸಿರು ಅಂದರೆ ಎಚ್ಚರಿಕೆ ಇಲ್ಲ, ಹಳದಿ ಅಂದರೆ ಗಮನ ಇಡಿ, ಕಿತ್ತಳೆ ಅಂದರೆ ಸಿದ್ಧರಾಗಿ, ಕೆಂಪು ಅಂದರೆ ಕ್ರಮ ತೆಗೆದುಕೊಳ್ಳಿ. ಬ್ರಿಟನ್ನಿನಲ್ಲಿ ಹಳದಿ, ಅಂಬರ್, ಕೆಂಪು ಮೂರೇ. ಅಲ್ಲಿ ಬಣ್ಣವನ್ನು ಎರಡು ವಿಷಯ ಕೂಡಿಸಿ ನಿರ್ಧರಿಸುತ್ತಾರೆ: ಆಗುವ ಸಾಧ್ಯತೆ ಎಷ್ಟು, ಆಗಿಬಿಟ್ಟರೆ ಹಾನಿ ಎಷ್ಟು. ಸಾಧ್ಯತೆ ಕಡಿಮೆ ಇದ್ದು ಹಾನಿ ಬಹಳ ದೊಡ್ಡದಾಗುವಂತಿದ್ದರೂ ಹಳದಿಯೇ ಬರಬಹುದು. ಆದ್ದರಿಂದ ಹಳದಿ ತಾನೇ ಅಂತ ತಳ್ಳಿಹಾಕಬೇಡಿ, ಕೆಳಗಿನ ಎರಡು ಸಾಲೂ ಓದಿ. ಅಮೆರಿಕದಲ್ಲಿ ‘ವಾಚ್’ ಮತ್ತು ‘ವಾರ್ನಿಂಗ್’ ಅನ್ನುವ ಎರಡು ಪದ ಮುಖ್ಯ. ವಾಚ್ ಅಂದರೆ ಅದಕ್ಕೆ ಬೇಕಾದ ಪರಿಸ್ಥಿತಿ ಕೂಡಿ ಬಂದಿದೆ, ಆಗಬಹುದು. ವಾರ್ನಿಂಗ್ ಅಂದರೆ ಆಗುತ್ತಿದೆ ಅಥವಾ ಇನ್ನೇನು ಆಗಲಿದೆ. ಪರದೇಶಕ್ಕೆ ಹೋದಾಗ ಅಲ್ಲಿನ ಪದ್ಧತಿ ಮೊದಲ ದಿನವೇ ತಿಳಿದುಕೊಳ್ಳಿ.

ಭಾಷೆ ಯಾವುದಾದರೂ, ಬಣ್ಣ ಎಷ್ಟಾದರೂ, ಹುಡುಕಬೇಕಾದ ಉತ್ತರ ಮೂರು: ಎಷ್ಟು ಬೇಗ, ಎಷ್ಟು ಜೋರು, ಎಷ್ಟು ಖಚಿತ. ಜಗತ್ತಿನ ಬಹಳಷ್ಟು ದೇಶಗಳು ಬಳಸುವ ‘ಕಾಮನ್ ಅಲರ್ಟಿಂಗ್ ಪ್ರೋಟೋಕಾಲ್’ ಅನ್ನುವ ಎಚ್ಚರಿಕೆ ಮಾದರಿಯಲ್ಲಿ ಈ ಮೂರಕ್ಕೂ ಬೇರೆ ಬೇರೆ ಜಾಗವೇ ಇದೆ.

ಅರ್ಥವಾಗದ ಪದ ಬಂದರೆ ಅಲ್ಲೇ ನಿಂತು ಕೇಳಿ. 2013ರ ನವೆಂಬರಿನಲ್ಲಿ ಹೈಯಾನ್ ಚಂಡಮಾರುತ ಫಿಲಿಪ್ಪೀನ್ಸಿಗೆ ಬಂದಾಗ ‘ಸ್ಟಾರ್ಮ್ ಸರ್ಜ್’ ಬರಲಿದೆ ಅಂತ ಮೊದಲೇ ಹೇಳಿದ್ದರು. ಗಾಳಿಯ ಒತ್ತಡಕ್ಕೆ ಸಮುದ್ರವೇ ಉಬ್ಬಿ ಊರೊಳಗೆ ನುಗ್ಗುತ್ತದೆ ಅಂತ ಅದರರ್ಥ. ಅಲ್ಲಿನ ಟಾಕ್ಲೋಬಾನ್ ಊರಿನ ಎಷ್ಟೋ ಜನರಿಗೆ ಆ ಪದವೇ ಹೊಸದು. ಸುನಾಮಿಯಂಥದ್ದು ಬರುತ್ತದೆ ಅಂದಿದ್ದರೆ ಓಡಿಹೋಗುತ್ತಿದ್ದೆವು ಅಂತ ಬದುಕುಳಿದವರು ಆಮೇಲೆ ಹೇಳಿದರು. ಆ ಚಂಡಮಾರುತಕ್ಕೆ ಸತ್ತವರು 6,000ಕ್ಕೂ ಹೆಚ್ಚು. ಮನೆಯ ಹಿರಿಯರಿಗೆ, ಮಕ್ಕಳಿಗೆ ಎಚ್ಚರಿಕೆ ಓದಿ ಹೇಳುವಾಗ ಇದು ನೆನಪಿರಲಿ. ಪದ ಹೇಳಬೇಡಿ. ಏನಾಗುತ್ತದೆ ಅಂತ ಹೇಳಿ.

ಹೆಜ್ಜೆ 3: ಎಚ್ಚರಿಕೆಯನ್ನು ನಿಮ್ಮ ಮನೆ ಬಾಗಿಲಿಗೆ ತನ್ನಿ

ಎಚ್ಚರಿಕೆ ಇರುವುದು ಇಡೀ ಜಿಲ್ಲೆಗೆ. ನೀವಿರುವುದು ಒಂದು ಮನೆಯಲ್ಲಿ. ಮನೆ ತಗ್ಗಿನಲ್ಲಿದೆಯಾ? ಹಿಂದೆ ಕಡಿದ ಗುಡ್ಡ ಇದೆಯಾ? ಮೇಲ್ಛಾವಣಿ ಎಂಥದ್ದು? ಒಣಗಿದ ಕೊಂಬೆ ಯಾವ ಕಡೆ ವಾಲಿದೆ? ಹೊಳೆಯ ಹತ್ತಿರ ಇದ್ದರೆ ನಿಮ್ಮ ಮೇಲೆ ಬೀಳುವ ಮಳೆಗಿಂತ ಮೇಲ್ಭಾಗದಲ್ಲಿ ಬೀಳುವ ಮಳೆ ಮುಖ್ಯ. ಇಲ್ಲಿ ಒಂದು ಹನಿಯೂ ಇಲ್ಲದಿರುವಾಗಲೇ ನೆರೆ ಬರಬಹುದು. ಅಣೆಕಟ್ಟಿನಿಂದ ನೀರು ಬಿಡುವ ಪ್ರಕಟಣೆಯನ್ನೂ ಎಚ್ಚರಿಕೆ ಅಂತಲೇ ಓದಿ.

ಬೇಗ ನಡೆಯಲಾಗದವರು, ಹಾಸಿಗೆ ಹಿಡಿದವರು, ಆಮ್ಲಜನಕ ಯಂತ್ರದ ಮೇಲಿರುವವರು ಮನೆಯಲ್ಲಿದ್ದರೆ ನಿಮ್ಮ ಲೆಕ್ಕ ಒಂದು ಹಂತ ಮುಂದಿರಬೇಕು. ಬೇರೆಯವರ ಕಿತ್ತಳೆ ನಿಮಗೆ ಕೆಂಪು.

ಹೆಜ್ಜೆ 4: ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಹೆಜ್ಜೆ ಇದು. ಮನೆಯವರೆಲ್ಲ ಕೂತು ‘ಹೀಗಾದರೆ ಹೀಗೆ’ ಅಂತ ಬರೆಯಿರಿ. ಬರೆಯುವುದು ಖಚಿತವಾಗಿರಲಿ. ‘ಜಾಸ್ತಿ ಮಳೆ ಬಂದರೆ ನೋಡೋಣ’ ಅಂತ ಬರೆದರೆ ಅದು ತೀರ್ಮಾನವೇ ಅಲ್ಲ. ‘ರಾತ್ರಿಗೆ ಕೆಂಪು ಇದ್ದರೆ ಸಂಜೆ ಐದರೊಳಗೆ ಅಜ್ಜಿಯನ್ನು ಅಕ್ಕನ ಮನೆಗೆ ಬಿಡುವುದು, ಬಿಡುವವನು ತಮ್ಮ’ ಅಂತಿರಲಿ. ಯಾರು, ಯಾವಾಗ, ಎಲ್ಲಿಗೆ. ನೀರಿನ ಮಟ್ಟಕ್ಕೂ ಒಂದು ಗುರುತು ಇಟ್ಟುಕೊಳ್ಳಿ. ‘ಸೇತುವೆಯ ಕಂಬದ ಈ ಕಲ್ಲು ಮುಳುಗಿದರೆ ಹೊರಡುವುದು’ ಅಂತ ಮೊದಲೇ ನಿರ್ಧರಿಸಿದ್ದರೆ ಆ ಹೊತ್ತಿನಲ್ಲಿ ವಾದ ಇರುವುದಿಲ್ಲ.

ಹಳದಿ ಬಂದ ದಿನ ಫೋನು, ಪವರ್ ಬ್ಯಾಂಕ್ ಚಾರ್ಜ್ ಮಾಡಿ, ಔಷಧಿ ಎಷ್ಟು ದಿನಕ್ಕಿದೆ ನೋಡಿ, ಮೋರಿ ಬಾಯಿ ಬಿಡಿಸಿ, ಪ್ರಯಾಣದ ಯೋಚನೆ ಇದ್ದರೆ ಇನ್ನೊಂದು ದಿನಾಂಕ ಹುಡುಕಿಡಿ. ಕಿತ್ತಳೆ ಬಂದರೆ ಕುಡಿಯುವ ನೀರು ತುಂಬಿಸಿಡಿ, ಕಾಗದಪತ್ರ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಮೇಲಿಡಿ, ತಾರಸಿ ಮೇಲಿನ ಸಾಮಾನು ಇಳಿಸಿ, ಗಾಡಿಯನ್ನು ತಗ್ಗಿನಿಂದ, ಮರದ ಕೆಳಗಿನಿಂದ ತೆಗೆಯಿರಿ. ದನಕರುಗಳಿದ್ದರೆ ಎತ್ತರದ ಜಾಗಕ್ಕೆ ಹೊಡೆಯಿರಿ, ಕೊನೆಗೆ ಹಗ್ಗ ಬಿಚ್ಚುವ ಹೊಣೆ ಒಬ್ಬರಿಗೆ ಇರಲಿ. ಕೆಂಪು ಬಂದಾಗ ಹೊಸ ಕೆಲಸ ಯಾವುದೂ ಉಳಿದಿರಬಾರದು. ಆಗ ಇರುವುದು ಎರಡೇ: ಗಟ್ಟಿ ಜಾಗದಲ್ಲಿ ಇರುವುದು, ಅಥವಾ ಬೆಳಕಿರುವಾಗಲೇ ಹೊರಡುವುದು.

ಹೆಜ್ಜೆ 5: ಬಂದ ಅಪಾಯಕ್ಕೆ ತಕ್ಕಂತೆ ನಡೆಯಿರಿ

ನೆರೆಯಿಂದ ಶುರು ಮಾಡುತ್ತೇನೆ. ಇಲ್ಲಿ ಜೀವ ಹೋಗುವುದು ಬಹಳ ಸಲ ಮನೆಯಲ್ಲಲ್ಲ, ದಾರಿಯಲ್ಲಿ. ಕಿರುಸೇತುವೆಯ ಮೇಲೆ ಕೆಂಪು ನೀರು ಹರಿಯುತ್ತಿದೆ. ಜಾಸ್ತಿ ಆಳ ಕಾಣುವುದಿಲ್ಲ. ಮುಂದಿನ ಕಾರು ದಾಟಿತು. ನಾವೂ ದಾಟೋಣ ಅನ್ನಿಸುತ್ತದೆ. ಈಗ ಲೆಕ್ಕ ನೋಡಿ. ಸಣ್ಣ ಕಾರಿನ ತಳ ಸುಮಾರು ಆರು ಚದರ ಮೀಟರ್. ನೀರು ತಳ ಮುಟ್ಟಿದ ಮೇಲೆ ಹತ್ತು ಸೆಂಟಿಮೀಟರ್ ಏರಿದರೆ ಕಾರು ಸುಮಾರು 600 ಲೀಟರ್ ನೀರನ್ನು ಪಕ್ಕಕ್ಕೆ ತಳ್ಳುತ್ತದೆ. ಅಂದರೆ 600 ಕಿಲೋ ಭಾರ ಕಡಿಮೆಯಾದಂತೆ. ಸಣ್ಣ ಕಾರಿನ ತೂಕ ಒಂದು ಟನ್ನಿನ ಆಸುಪಾಸು. ಚಕ್ರಕ್ಕೆ ಹಿಡಿತವೇ ಉಳಿಯುವುದಿಲ್ಲ, ಪಕ್ಕದಿಂದ ನೀರು ನೂಕುತ್ತಿರುತ್ತದೆ. ರಸ್ತೆಯ ಮೇಲೆ ಒಂದಡಿ ನೀರು ಹರಿಯುತ್ತಿದ್ದರೆ ಸಾಕು, ಎಷ್ಟೋ ಕಾರುಗಳು ತೇಲುತ್ತವೆ. ಎರಡಡಿ ಇದ್ದರೆ ಹೆಚ್ಚಿನ ಗಾಡಿಗಳನ್ನು ಎಳೆದೊಯ್ಯುತ್ತದೆ. ನಡೆಯುವವರಿಗೆ ಅರ್ಧ ಅಡಿ ವೇಗದ ನೀರೇ ಕಾಲು ಕೀಳಿಸಬಲ್ಲದು. ಮುಂದಿನ ಕಾರು ದಾಟಿದ್ದು ಐದು ನಿಮಿಷದ ಹಿಂದಿನ ನೀರನ್ನು. ಅಡಿಯಲ್ಲಿ ರಸ್ತೆ ಇನ್ನೂ ಇದೆಯಾ ಅಂತ ಅವರಿಗೂ ಗೊತ್ತಿರಲಿಲ್ಲ. ದಯವಿಟ್ಟು ಹಿಂದೆ ತಿರುಗಿ. ತಡವಾಗಿ ಮನೆ ಸೇರಿದರೂ ಪರವಾಗಿಲ್ಲ.

ನೀರು ಮನೆಗೆ ಬರುವಂತಿದ್ದರೆ ಒಣಗಿದ ಕೈಯಲ್ಲಿ, ಒಣಗಿದ ನೆಲದ ಮೇಲೆ ನಿಂತು ಮೇನ್ ಸ್ವಿಚ್ ಆರಿಸಿ. ಸ್ವಿಚ್ ಹತ್ತಿರ ಆಗಲೇ ನೀರು ಬಂದಿದ್ದರೆ ಮುಟ್ಟಬೇಡಿ. ಗಾಡಿ ತರಲು ಅಂತ ನೆಲಮಾಳಿಗೆಗೆ ಇಳಿಯಲೇಬೇಡಿ.

ಸಿಡಿಲಿಗೆ ಬಣ್ಣದ ಎಚ್ಚರಿಕೆಗಿಂತ ನಿಮ್ಮ ಕಿವಿಯೇ ಹತ್ತಿರದ ಎಚ್ಚರಿಕೆ. ಮಿಂಚು ಕಂಡಾಗಿನಿಂದ ಗುಡುಗು ಕೇಳುವ ತನಕ ಎಣಿಸಿ. ಪ್ರತಿ ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ದೂರ. ಆದರೆ ದೂರ ಇದೆ ಅಂತ ಕೆಲಸ ಮುಂದುವರಿಸಲು ಈ ಲೆಕ್ಕವಲ್ಲ. ಮಳೆ ಬೀಳುವ ಜಾಗದಿಂದ ಹತ್ತು ಕಿಲೋಮೀಟರ್ ಆಚೆಗೂ ಸಿಡಿಲು ಹೊಡೆಯುತ್ತದೆ. ಗುಡುಗು ಕೇಳಿಸಿತು ಅಂದರೆ ನೀವು ಅದರ ಕೈಗೆ ಸಿಗುವ ದೂರದಲ್ಲೇ ಇದ್ದೀರಿ. ಬಯಲಿನಲ್ಲಿ ಸುರಕ್ಷಿತ ಅನ್ನುವ ಜಾಗವೇ ಇಲ್ಲ. ಮರದ ಕೆಳಗೆ ಬೇಡ, ಸುತ್ತ ತೆರೆದ ಶೆಡ್ಡಿನ ಕೆಳಗೂ ಬೇಡ. ಗೋಡೆ, ಮಾಡು ಸರಿಯಾಗಿರುವ ಕಟ್ಟಡಕ್ಕೆ ಹೋಗಿ. ಅಥವಾ ಲೋಹದ ಮೈಯಿರುವ ಕಾರಿನೊಳಗೆ ಗಾಜು ಏರಿಸಿ ಕೂರಿ. ಒಳಗೆ ನಲ್ಲಿ ನೀರು, ಚಾರ್ಜಿಗೆ ಹಾಕಿದ ಫೋನು ಮುಟ್ಟಬೇಡಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆದ ಮೇಲೆ ಹೊರಗೆ ಬನ್ನಿ. ಸಿಡಿಲು ಬಡಿದವರ ಮೈಯಲ್ಲಿ ಕರೆಂಟು ಉಳಿದಿರುವುದಿಲ್ಲ. ಮುಟ್ಟಬಹುದು, ಮುಟ್ಟಲೇಬೇಕು. ಉಸಿರಾಟ ನಿಂತಿದ್ದರೆ ತಕ್ಷಣ ಎದೆ ಒತ್ತುವುದರಿಂದ ಜೀವ ಉಳಿಯಬಹುದು.

ಚಂಡಮಾರುತದ ನಕ್ಷೆಯಲ್ಲಿ ಮುಂದೆ ಮುಂದೆ ಅಗಲವಾಗುವ ಒಂದು ಕೋನಾಕಾರ ಇರುತ್ತದೆ. ಅದು ತೋರಿಸುವುದು ಚಂಡಮಾರುತದ ಕೇಂದ್ರ ಎಲ್ಲೆಲ್ಲಿ ಹೋಗಬಹುದು ಅನ್ನುವುದನ್ನು. ಗಾಳಿ, ಮಳೆ, ಉಬ್ಬಿದ ಸಮುದ್ರ ಅದರ ಗೆರೆಯಾಚೆಗೂ ಬರುತ್ತವೆ. ಇನ್ನೊಂದು ವಿಷಯ. ಕೇಂದ್ರ ನೇರ ನಿಮ್ಮ ಮೇಲೆ ಹಾದುಹೋದರೆ ನಡುವೆ ಗಾಳಿ ತಟಕ್ಕನೆ ನಿಲ್ಲುತ್ತದೆ, ಆಕಾಶವೂ ತಿಳಿಯಾಗಬಹುದು. ಮುಗಿಯಿತು ಅಂತ ಜನ ಹೊರಬರುತ್ತಾರೆ. ಸ್ವಲ್ಪ ಹೊತ್ತಿಗೆ ಎದುರು ದಿಕ್ಕಿನಿಂದ ಅಷ್ಟೇ ಜೋರಾಗಿ ಮತ್ತೆ ಬಡಿಯುತ್ತದೆ. ಅಧಿಕೃತವಾಗಿ ಹೇಳುವ ತನಕ ಬಾಗಿಲು ತೆಗೆಯಬೇಡಿ.

ಬಿಸಿಗಾಳಿಗೆ ಸದ್ದಿಲ್ಲ, ಹಾಗಾಗಿ ಅದರ ಎಚ್ಚರಿಕೆಯನ್ನು ಜನ ಲೆಕ್ಕಕ್ಕೇ ಇಡುವುದಿಲ್ಲ. ಹಗಲಿನ ಅಂಕಿಯ ಜೊತೆ ರಾತ್ರಿಯ ಅಂಕಿಯನ್ನೂ ನೋಡಿ. ರಾತ್ರಿ ತಂಪಾಗದಿದ್ದರೆ ಮೈಗೆ ಸುಧಾರಿಸಿಕೊಳ್ಳಲು ಹೊತ್ತೇ ಸಿಗುವುದಿಲ್ಲ. ಬಿಸಿಲಿನಲ್ಲಿ ದುಡಿದವರು ಅಸಂಬದ್ಧ ಮಾತಾಡತೊಡಗಿದರೆ, ಮೈ ಸುಡುತ್ತಿದ್ದರೆ ಅದು ಸುಸ್ತಲ್ಲ. ಆಂಬ್ಯುಲೆನ್ಸ್ ಕರೆಸಿ. ಬರುವ ತನಕ ನೆರಳಿಗೆ ತಂದು ಮೈಮೇಲೆ ನೀರು ಹಾಕಿ ಗಾಳಿ ಬೀಸಿ. ಕುತ್ತಿಗೆಗೆ, ಕಂಕುಳಿಗೆ ಒದ್ದೆ ಬಟ್ಟೆ ಇಡಿ. ಪ್ರಜ್ಞೆ ಸರಿ ಇಲ್ಲದವರ ಬಾಯಿಗೆ ನೀರು ಹಾಕಬೇಡಿ.

ಗುಡ್ಡದ ಬುಡದಲ್ಲಿ ಇರುವವರಿಗೆ ಒಂದೇ ಮಾತು. ನೆಲದಲ್ಲಿ ಹೊಸ ಬಿರುಕು, ವಾಲಿದ ಕಂಬ, ಏಕಾಏಕಿ ಕೆಸರಾದ ಒರತೆ ನೀರು ಕಂಡರೆ ಯಾವ ಬಣ್ಣಕ್ಕೂ ಕಾಯದೆ ಹೊರಡಿ.

ಹೆಜ್ಜೆ 6: ಹೊರಡಿ ಅಂದರೆ ಹೊರಡಿ

ಒಡಿಶಾಕ್ಕೆ 1999ರ ಅಕ್ಟೋಬರಿನಲ್ಲಿ ಬಂದ ಸೂಪರ್ ಸೈಕ್ಲೋನಿಗೆ ಸುಮಾರು 10,000 ಜನ ಸತ್ತರು. 2013ರ ಅಕ್ಟೋಬರಿನಲ್ಲಿ ಫೈಲಿನ್ ಚಂಡಮಾರುತ ಅದೇ ಕರಾವಳಿಗೆ ಬಡಿಯಿತು. ಈ ಸಲ ಸುಮಾರು 10 ಲಕ್ಷ ಜನರನ್ನು ಮೊದಲೇ ಕರೆದೊಯ್ದಿದ್ದರು. ಸತ್ತವರ ಸಂಖ್ಯೆ ನೂರನ್ನೂ ಮುಟ್ಟಲಿಲ್ಲ. ನಡುವಿನ ವರ್ಷಗಳಲ್ಲಿ ಆಶ್ರಯ ಕೇಂದ್ರಗಳನ್ನು ಕಟ್ಟಿದ್ದರು, ಎಚ್ಚರಿಕೆ ಹಳ್ಳಿ ಹಳ್ಳಿಗೆ ಮುಟ್ಟುವಂತೆ ಮಾಡಿದ್ದರು. ಹೊರಡಿ ಅಂದಾಗ ಜನ ಹೊರಟರು.

ಮನೆ ಬಿಡುವುದು ಸುಲಭದ ಮಾತಲ್ಲ. ಕಳ್ಳತನದ ಭಯ, ದನದ ಚಿಂತೆ, ಬೇರೆಯವರ ನಡುವೆ ಮಲಗುವ ಸಂಕೋಚ, ಎಲ್ಲ ಇರುತ್ತದೆ. ಅದಕ್ಕೇ ಚೀಲ ಮೊದಲೇ ಕಟ್ಟಿಟ್ಟಿರಬೇಕು: ಕಾಗದಪತ್ರ, ಔಷಧಿ, ನೀರು, ಟಾರ್ಚ್, ಒಂದು ಜೊತೆ ಬಟ್ಟೆ, ಸ್ವಲ್ಪ ನಗದು, ಮುಖ್ಯ ನಂಬರುಗಳನ್ನು ಬರೆದ ಚೀಟಿ. ಹೊರಡುವ ಮುಂಚೆ ಪಕ್ಕದ ಮನೆಯ ಬಾಗಿಲು ತಟ್ಟಿ. ಒಬ್ಬರೇ ಇರುವ ಹಿರಿಯರಿಗೆ, ಕಿವಿ ಕೇಳದವರಿಗೆ ಫೋನಿನ ಕೂಗು ಮುಟ್ಟಿರುವುದಿಲ್ಲ.

ಹೆಜ್ಜೆ 7: ಮುಗಿದ ಮೇಲೆ, ಅಥವಾ ಏನೂ ಆಗದಿದ್ದಾಗ

ಮಳೆ ನಿಂತ ಮೇಲೂ ಹೊಳೆ ಏರುತ್ತದೆ, ನೆಂದ ಗುಡ್ಡ ಮರುದಿನ ಜಾರುತ್ತದೆ. ವಾಪಸ್ ಬರಬಹುದು ಅಂತ ಆಡಳಿತ ಹೇಳಲಿ. ಬಿದ್ದ ತಂತಿಯಲ್ಲಿ ಕರೆಂಟ್ ಇದೆ ಅಂತಲೇ ತಿಳಿಯಿರಿ. ಜನರೇಟರನ್ನು ಮನೆಯೊಳಗೆ, ಕಿಟಕಿ ಪಕ್ಕ ಓಡಿಸಬೇಡಿ. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಏಳುವುದೇ ಇಲ್ಲ. ನೆರೆ ನೀರು ಸೇರಿದ ಬಾವಿಯ ನೀರನ್ನು ಪರೀಕ್ಷೆ ಆಗುವ ತನಕ ಕುಡಿಯಬೇಡಿ.

ಕೆಲವು ಸಲ ಇಷ್ಟೆಲ್ಲ ಮಾಡಿದ ಮೇಲೆ ನಾಲ್ಕು ಹನಿ ಬಿದ್ದು ಸುಮ್ಮನಾಗುತ್ತದೆ. ಬೇಜಾರಾಗುವುದು ಸಹಜ. ಆದರೆ ಆಗುವ ಸಾಧ್ಯತೆ ನೂರಕ್ಕೆ ಅರವತ್ತು ಅಂದರೆ ಹತ್ತರಲ್ಲಿ ನಾಲ್ಕು ಸಲ ಆಗುವುದಿಲ್ಲ ಅಂತಲೇ ಅರ್ಥ. ಅಂಥ ದಿನವನ್ನು ತಾಲೀಮು ಅಂದುಕೊಳ್ಳಿ. ಟಾರ್ಚಿನ ಸೆಲ್ ಸತ್ತಿತ್ತಾ? ಚೀಲ ಕಟ್ಟಲು ಎಷ್ಟು ಹೊತ್ತು ಹಿಡಿಯಿತು? ಅಜ್ಜಿ ಯಾವ ಮೆಟ್ಟಿಲಿನಲ್ಲಿ ನಿಂತುಬಿಟ್ಟರು? ಗೋಡೆಯ ಮೇಲಿನ ಹಾಳೆ ತೆಗೆದು, ಅವತ್ತೇ ರಾತ್ರಿ ತಿದ್ದಿ, ಮತ್ತೆ ಅಂಟಿಸಿ.